ಅತಿ ಬಿಸಿಯಾದ ಗ್ರಹ

“ಒಂದಕ್ಷರ ಆಚೀಚೆ ಆಗಬಾರದು, ತಿಳೀತಾ?” ಎಂದು ನಿರ್ದೇಶಕರು ಏಳು ಹಾಳೆಗಳ ಕಟ್ಟನ್ನು ಗೇಟಕ್ಕನ ಕೈಗಿತ್ತರು. “ಇದರಲ್ಲಿರೋದನ್ನ ಹಾಗೇ ಓದಿ. ನಾನು ಹಿಂದಿನ ಸಾಲಲ್ಲಿ ಕೂತಿರ್ತೀನಿ. ಚೆನ್ನಾಗಿ ಓದಿದ್ರೆ ಮೇಷ್ಟ್ರ ಕೆಲಸ ನಿಮ್ಮದೇ.”

ಗೇಟಕ್ಕ ತಲೆಯಾಡಿಸಿದಳು. ಹನ್ನೊಂದು ವರ್ಷದಿಂದ ತಾರಾಲಯದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವಳು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಜನರ ಬಾಯಲ್ಲೆಲ್ಲ ಗೇಟಕ್ಕ. ಒಳಗೆ ಮೈಕ್ ಹಿಡಿದು ಗ್ರಹಗಳ ಕಥೆ ಹೇಳುವ ಮೇಷ್ಟ್ರಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಆ ಮೈಕಿನ ಮೇಲೆ ಆಕೆಗೆ ಎಷ್ಟು ಆಸೆಯಿತ್ತೆಂದರೆ, ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಸೌಟು ಎತ್ತಿ ಹಿಡಿದು ಶನಿಯ ಬಳೆಗಳನ್ನು ವರ್ಣಿಸುತ್ತಿದ್ದಳು. “ಇವತ್ತು ಯಾವ ಗ್ರಹಕ್ಕೆ ಸವಾರಿ? ಊಟಕ್ಕೆ ವಾಪಸ್ ಬರ್ತೀಯೋ ಇಲ್ವೋ?” ಎಂದು ಗಂಡ ರೇಗಿಸುತ್ತಿದ್ದ.

ತೊಂದರೆ ಇದ್ದದ್ದು ಮೂರನೆಯ ಹಾಳೆಯಲ್ಲಿ. ‘ಬುಧನು ಸೂರ್ಯನಿಗೆ ಅತಿ ಸಮೀಪದಲ್ಲಿರುವುದರಿಂದ ಅತಿ ಬಿಸಿಯಾದ ಗ್ರಹ. ದೂರ ಹೋದಂತೆಲ್ಲ ಗ್ರಹಗಳು ತಣ್ಣಗಾಗುತ್ತವೆ. ಆದ್ದರಿಂದಲೇ ಭೂಮಿಯ ಹೊರತು ಬೇರೆಲ್ಲೂ ಜೀವಿಗಳಿಲ್ಲ.’ ಇಪ್ಪತ್ತು ವರ್ಷದ ಹಿಂದೆ ಇದನ್ನು ಬರೆದವರು ಇದೇ ನಿರ್ದೇಶಕರು. ಕಾಗದ ಹಳದಿಯಾಗಿತ್ತು, ತಪ್ಪು ಮಾತ್ರ ಇನ್ನೂ ಗಟ್ಟಿಮುಟ್ಟಾಗಿತ್ತು.

ಹೋದ ವರ್ಷ ಶಾಲೆಯ ಹುಡುಗಿಯೊಬ್ಬಳು ಹೊರಗೆ ಬರುತ್ತ, “ಆಂಟೀ, ಒಳಗೆ ತಪ್ಪು ಹೇಳ್ತಾರೆ” ಎಂದಿದ್ದಳು. ಗೇಟಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಗೇಣುದ್ದ ಇಲ್ಲ, ಮೇಷ್ಟ್ರಿಗೇ ಪಾಠ ಹೇಳೋಕೆ ಬಂದಳಲ್ಲ! ಅವಳ ಬಾಯಿ ಮುಚ್ಚಿಸಬೇಕೆಂದೇ ಗ್ರಂಥಾಲಯದಿಂದ ಪುಸ್ತಕ ತಂದು ಓದಿದಳು. ಓದಿ ಮುಗಿಸುವಷ್ಟರಲ್ಲಿ ಮುಚ್ಚಿದ್ದು ತನ್ನದೇ ಬಾಯಿ.

“ನಂಗೂ ಗೊತ್ತಮ್ಮ,” ಎಂದರು ಮೇಷ್ಟ್ರು, ಆಕೆ ಮೂರನೆಯ ಹಾಳೆ ತೋರಿಸಿದಾಗ. “ಮೊದಲ ವರ್ಷವೇ ಹೇಳಿದ್ದೆ. ‘ನೀವು ಓದೋಕೆ ಬಂದಿದ್ದೀರೋ, ತಿದ್ದೋಕೆ ಬಂದಿದ್ದೀರೋ’ ಅಂದ್ರು. ಓದಿದೆ. ನೀನೂ ಓದಿಬಿಡು. ಕೆಲಸ ಸಿಕ್ಕಮೇಲೆ ನೋಡ್ಕೊಂಡ್ರಾಯ್ತು.”

“ನೀವು ನೋಡ್ಕೊಂಡ್ರಾ ಮೇಷ್ಟ್ರೇ?”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ದೀಪಗಳು ಆರಿದವು. ಗುಮ್ಮಟದ ತುಂಬ ನಕ್ಷತ್ರ ಮೂಡಿದಾಗ ನೂರಿಪ್ಪತ್ತು ಮಕ್ಕಳು ಒಟ್ಟಿಗೆ “ಓ!” ಎಂದರು. ಮೊದಲೆರಡು ಹಾಳೆಗಳನ್ನು ಗೇಟಕ್ಕ ನೀರು ಕುಡಿದಷ್ಟು ಸಲೀಸಾಗಿ ಓದಿದಳು. ಮೂರನೆಯದು ಬಂತು. ಕೆಲಸ ಬೇಕೇ ಬೇಕಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಮಕ್ಕಳಿಗೆ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹೇಳುವುದೇ? ಕಟ್ಟನ್ನು ಮಡಿಲಲ್ಲಿಟ್ಟುಕೊಂಡಳು.

“ಮಕ್ಕಳೇ, ಒಲೆಗೆ ಹತ್ತಿರ ಕೂತೋನಿಗೇ ಸೆಖೆ ಜಾಸ್ತಿ ಅಂತ ತಾನೆ ನಾವು ಅನ್ಕೊಳ್ಳೋದು? ಇಲ್ಲಿ ಹಾಗಲ್ಲ. ಪಾಪ, ಬುಧನಿಗೆ ಹೊದ್ಕೊಳ್ಳೋಕೆ ಗಾಳೀನೇ ಇಲ್ಲ. ಹಗಲು ಕಾದು ಕೆಂಡ, ರಾತ್ರಿ ಕೊರೆಯೋ ಚಳಿ. ಎಲ್ಲಕ್ಕಿಂತ ಬಿಸಿ ಇರೋದು ಪಕ್ಕದ ಮನೆಯ ಶುಕ್ರ! ಹತ್ತು ಕಂಬಳಿ ಹೊದ್ದು ಕೂತಿದ್ದಾನೆ. ಅಷ್ಟು ದಪ್ಪ ಗಾಳಿ, ಒಳಗೆ ಹೋದ ಬಿಸಿ ಹೊರಗೆ ಬರೋಕೆ ಬಿಡಲ್ಲ. ಅಲ್ಲಿ ಸೀಸ ಇಟ್ರೆ ಕರಗಿ ಹರಿಯುತ್ತೆ.”

“ಹಂಗಾದ್ರೆ ಮಂಗಳದಲ್ಲಿ ಯಾಕ್ ಯಾರೂ ಇಲ್ಲ?” ಕತ್ತಲೊಳಗಿಂದ ಒಂದು ಕೀಚು ದನಿ.

“ಅವನ ಹೊದಿಕೆ ಸವೆದು ಜಾಳುಜಾಳಾಗಿದೆ ಕಂದಾ. ಅಲ್ಲಿ ನೀರು ಸುರಿದ್ರೆ ಒಂದಿಷ್ಟು ಆವಿಯಾಗಿ ಹಾರುತ್ತೆ, ಉಳಿದಿದ್ದು ಹೆಪ್ಪುಗಟ್ಟುತ್ತೆ. ಒಂದು ಗುಟುಕು ಉಳಿಯಲ್ಲ. ಗುರು, ಶನೀಲಿ ಕಾಲೂರೋಕೆ ನೆಲಾನೇ ಇಲ್ಲ. ಅದರಾಚೆಗೆ ಬರೀ ಥಂಡಿ. ಜೀವ ಎಲ್ಲೂ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ, ಇಲ್ಲೀವರೆಗೆ ಕಂಡಿಲ್ಲ ಅಷ್ಟೆ. ಸೂರ್ಯನಿಂದ ದೂರ ಎಷ್ಟು ಅನ್ನೋದೊಂದೇ ಅಲ್ಲ, ಮೇಲಿನ ಗಾಳೀನೂ ಹದವಾಗಿರ್ಬೇಕು. ನಮ್ಮ ಭೂಮಿಗೆ ಎರಡೂ ಸಿಕ್ಕಿದೆ.”

“ಹಾಳೆ ನೋಡಿ ಓದಿ!” ಹಿಂದಿನ ಸಾಲಿನಿಂದ ನಿರ್ದೇಶಕರು ಗುಡುಗಿದರು.

“ಓದ್ತೀನಿ ಸಾರ್, ನಾಲ್ಕನೇದರಿಂದ,” ಎಂದಳು ಗೇಟಕ್ಕ, ಮೈಕಿನಲ್ಲೇ. ಮಕ್ಕಳು ಗೊಳ್ಳೆಂದು ನಕ್ಕರು.

ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರು ಆಕೆಯನ್ನು ಕೋಣೆಗೆ ಕರೆಸಿದರು. ಕೂರಲು ಹೇಳಲಿಲ್ಲ.

“ಕೆಲಸ ಬೇಕಿತ್ತೋ, ಬೇಡ್ವೋ?”

“ಬೇಕಿತ್ತು ಸಾರ್. ತುಂಬಾ ಬೇಕಿತ್ತು.”

“ಒಂದು ಸಾಲು ಓದಿದ್ರೆ ಆಗಿಹೋಗ್ತಿತ್ತು.”

“ಅದೊಂದೇ ಸಾಲು ಬಾಯಿಗೆ ಬರ್ಲಿಲ್ಲ ಸಾರ್. ಪುಸ್ತಕ ತಂದಿದ್ದೀನಿ, ನೀವೇ ಒಂದ್ಸಲ ನೋಡಿ.”

ಅವರು ಪುಸ್ತಕದತ್ತ ಕಣ್ಣೂ ಹಾಯಿಸಲಿಲ್ಲ. “ಮೇಷ್ಟ್ರು ಇನ್ನಾರು ತಿಂಗಳು ಇರ್ತಾರೆ. ನೀವು ಗೇಟಿಗೆ ಹೋಗಿ.”

ಗೇಟಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಹೊಟ್ಟೆ ತುಂಬ ಅತ್ತಳು. ಹನ್ನೊಂದು ವರ್ಷದ ಆಸೆ, ಹತ್ತು ನಿಮಿಷದಲ್ಲಿ ಮಣ್ಣುಪಾಲು. ಆಮೇಲೆ ಮುಖ ತೊಳೆದು ಸೆರಗಿನಿಂದ ಒರೆಸಿಕೊಂಡಳು. ಕನ್ನಡಿಯಲ್ಲಿ ಮೂಗು ಕೆಂಪಾಗಿತ್ತು, ಕಣ್ಣು ಮಾತ್ರ ಸೋತಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬೇರೊಂದು ಶಾಲೆಯ ಸಾಲು ಬಾಗಿಲಿಗೆ ಬಂತು. ಮೊದಲ ಹುಡುಗಿಯ ಟಿಕೆಟನ್ನು ಚರ್ರೆಂದು ಹರಿದು ಅರ್ಧ ಕೈಗೆ ಕೊಡುತ್ತ ಗೇಟಕ್ಕ ಹೇಳಿದಳು: “ಒಳಗೆ ಬುಧ ಅತಿ ಬಿಸಿ ಅಂತಾರೆ. ಅಲ್ಲ, ಶುಕ್ರ. ಯಾಕೆ ಅಂತ ಆಚೆ ಬಂದ್ಮೇಲೆ ಕೇಳು, ಹೇಳ್ತೀನಿ.” ಎರಡನೆಯವನಿಗೂ ಅದೇ. ಮೂರನೆಯವಳಿಗೂ ಅದೇ. ಬಾಯಿ ಒಣಗಿದರೂ ಒಬ್ಬರನ್ನೂ ಬಿಡಲಿಲ್ಲ.

ಕೊನೆಯಲ್ಲಿ ಬಂದ ಟೀಚರ್ ಹುಬ್ಬು ಗಂಟಿಕ್ಕಿದರು. “ಏನ್ರೀ, ಇದನ್ನೆಲ್ಲ ಹೇಳು ಅಂತ ನಿಮಗೆ ಹೇಳಿದ್ದಾರಾ?”

“ಒಳಗೆ ಓದೋಕೆ ಹಾಳೆ ಕೊಟ್ಟಿದ್ದಾರೆ ಮೇಡಂ. ಗೇಟಿಗೆ ಯಾವ ಹಾಳೇನೂ ಕೊಟ್ಟಿಲ್ಲ.”

ಬಾಗಿಲಿನ ಪರದೆ ಮುಚ್ಚಿತು. ಮೇಷ್ಟ್ರ ದನಿ ಎಂದಿನಂತೆ ಸೂರ್ಯನನ್ನು ಮುಳುಗಿಸಿತು, ನಕ್ಷತ್ರಗಳನ್ನು ಕರೆಯಿತು, ಹಾಳೆ ಮಗುಚಿದ ಸದ್ದೂ ಕೇಳಿಸಿತು. “ಬುಧನು ಸೂರ್ಯನಿಗೆ ಅತಿ ಸಮೀಪದಲ್ಲಿರುವುದರಿಂದ ಅತಿ ಬಿಸಿಯಾದ...”

“ಶುಕ್ರ!” ಎಂದು ಅಷ್ಟೂ ಮಕ್ಕಳು ಒಂದೇ ಉಸಿರಿಗೆ ಕೂಗಿದರು.

ಗುಮ್ಮಟ ಗುಂಯ್ಗುಟ್ಟಿತು. ಮೈಕಿನಲ್ಲಿ ಮೇಷ್ಟ್ರು ಹಾಳೆ ಮಡಚಿದ ಸದ್ದು ಕೇಳಿಸಿತು.

“ಹೌದು ಮಕ್ಕಳೇ,” ಎಂದರು ಅವರು. “ಶುಕ್ರನೇ.”

ಹೊರಗಿನ ಬೆಳಕು ಒಳಗೆ ಹೋಗದಂತೆ ಗೇಟಕ್ಕ ಪರದೆಯ ಎರಡೂ ಅಂಚುಗಳನ್ನು ಸೇರಿಸಿ ಹಿಡಿದುಕೊಂಡು ನಿಂತಳು.