ನಾಲ್ಕಿಂಚಿನ ಪೈಪು

ಪೈಪು ಬೇಕೆಂದು ಮೊದಲು ಕೇಳಿದವಳು ಚಿನ್ನಿಯಕ್ಕ. ಅವಳ ಮಗ ದಿನೇಶ್‌ಕುಮಾರನ ಪಿಕಪ್ಪಿಗೆ.

ಕೆತ್ತಿ ಕಣಿವೆಯ ಕೆಳರಸ್ತೆಯಲ್ಲಿ ನನ್ನ ವೆಲ್ಡಿಂಗ್ ಶೆಡ್ಡಿದೆ. ಗುಂಡ್ಲುಪೇಟೆ ಕಡೆಯಿಂದ ಬಂದ ನಮ್ಮ ತಾತ ಈ ಚಳಿಗೆ ಹೆದರದೆ ಇಲ್ಲೇ ನಿಂತರು. ಶೆಡ್ಡಿನ ಮೇಲಿಂದ ಹತ್ತುವ ಏರು ಟೀ ಫ್ಯಾಕ್ಟರಿಗೂ ಎದುರು ಗುಡ್ಡಕ್ಕೂ ದಾರಿ. ಆ ಗುಡ್ಡದ ಮೇಲೆ ಬಡಗರ ಹಟ್ಟಿ. ಅಲ್ಲಿಯ ತೋಟಗಳಲ್ಲಿ ಕಿತ್ತ ಟೀ ಎಲೆಯ ಮೂಟೆಗಳನ್ನು ಫ್ಯಾಕ್ಟರಿಗೆ ಮುಟ್ಟಿಸುವುದು ದಿನೇಶನ ಕೆಲಸ. ಎಲೆ ಕಿತ್ತ ಹೆಂಗಸರೂ ಮೂಟೆಗಳ ಮೇಲೆಯೇ ಕೂತು ಬರುತ್ತಾರೆ. ಇಳಿಯಬೇಕಾದಲ್ಲಿ ಕ್ಯಾಬಿನ್ನಿನ ಹಿಂದಿನ ತಗಡನ್ನು ಎರಡು ಸಲ ತಟ್ಟುತ್ತಾರೆ. ಡ್ರೈವರ್ ನಿಲ್ಲಿಸುತ್ತಾನೆ. ಈ ಬೆಟ್ಟದ ಎಲೆಗಾಡಿಗಳಿಗೆಲ್ಲ ಅದೇ ಬೆಲ್ಲು.

ಹೆಂಗಸರು ಅಂಗೈಯಲ್ಲಿ ತಟ್ಟಿದರೆ ಚಿನ್ನಿಯಕ್ಕ ಉಂಗುರದಲ್ಲಿ ತಟ್ಟುತ್ತಿದ್ದಳು. ಆ ಉಂಗುರ ಮಾಡಿಕೊಟ್ಟವನು ನಾನು. ಶನಿಕಾಟಕ್ಕೆ ಕುದುರೆ ಲಾಳದ ಮೊಳೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಊಟಿ ಕೆರೆಯ ಹತ್ತಿರ ಕುದುರೆ ಸವಾರಿ ಮಾಡಿಸುವವರನ್ನು ಕಾಡಿ ಬೇಡಿ ಒಂದು ಮೊಳೆ ತಂದಿದ್ದಳು. ಕಾಯಿಸಿ, ಬಾಗಿಸಿ, ಅವಳ ನಡುಬೆರಳಿಗೆ ಕೂರಿಸಿದ್ದೆ.

"ಶನಿ ಹೋದನಾ ಅಕ್ಕ?" ಎಂದು ಮುಂದೊಂದು ದಿನ ಕೇಳಿದ್ದಕ್ಕೆ, "ಅವ ಹೋಗಲಿಲ್ಲ. ಆದರೆ ಈಗ ನಾ ತಟ್ಟಿದರೆ ಮಗ ಬ್ರೇಕ್ ಹಾಕ್ತಾನೆ, ಅಷ್ಟು ಸಾಕು" ಎಂದಿದ್ದಳು.

ಪೈಪಿನ ಮಾತು ತೆಗೆದ ದಿನ ತಾಯಿ ಮಗ ಇಬ್ಬರೂ ಬಂದಿದ್ದರು.

"ದಿನಕ್ಕೆ ಹತ್ತು ಗಾಡಿ ಈ ಗುಡ್ಡ ಹತ್ತುತ್ತೆ ಶಿವಲಿಂಗಾ. ಎಲ್ಲದಕ್ಕೂ ಒಂದೇ ಕೆಮ್ಮು. ಎನ್ನ ಮಗ ಯಾವುದರಲ್ಲಿ ಬಂದ ಅಂತ ನಂಗೆ ಹೇಗೆ ಗೊತ್ತಾಗಬೇಕು? ಒಲೆ ಮೇಲೆ ಕಾಫಿಗೆ ನೀರಿಡೋದು ಯಾವಾಗ?"

"ಫೋನ್ ಮಾಡ್ತಾನಲ್ಲ ಅಕ್ಕ."

"ಇವನ ಫೋನಾ! ಫ್ಯಾಕ್ಟರಿಯಲ್ಲಿ ಕ್ಯೂ ನಿಂತಿದ್ದರೂ 'ತಿರುವಿನಲ್ಲಿದೀನಿ ಅವ್ವೆ' ಅಂತಾನೆ. ಇವ ಸುಳ್ಳ. ಗಾಡಿ ಸುಳ್ಳು ಹೇಳಲ್ಲ."

ದಿನೇಶ ನಗುತ್ತ ನಿಂತಿದ್ದ. "ದೊಡ್ಡ ಪೈಪು ಹಾಕಿಸಬೇಕು ಅಂತ ನನಗೆ ಮೊದಲಿಂದ ಆಸೆ ಮಾಮಾ. ಅವ್ವೆ ಬಯ್ಯುತ್ತೆ ಅಂತ ಸುಮ್ಮನಿದ್ದೆ. ಈಗ ಅವ್ವೆಯೇ ನನಗಿಂತ ಹುಡುಗು ಆಗಿದೆ."

ಕಂಪನಿಯವರು ಕೊಟ್ಟದ್ದು ಎರಡಿಂಚಿನ ಪೈಪು, ನಡುವೆ ಡಬ್ಬಿಯಂಥ ಸೈಲೆನ್ಸರ್. ಎರಡನ್ನೂ ಕಳಚಿಟ್ಟೆ. ನಾಲ್ಕಿಂಚಿನ ಪೈಪನ್ನು ಬಾಗಿಸುವ ಯಂತ್ರ ನನ್ನ ಹತ್ತಿರ ಇಲ್ಲ. ಹಾಗಾಗಿ ಕುಂಬಳಕಾಯಿ ಹೋಳಿನ ಹಾಗೆ ಓರೆಯಾಗಿ ಕೊಯ್ದು, ಹೋಳಿಗೆ ಹೋಳು ಸೇರಿಸಿ, ಬೆಸುಗೆ ಹಾಕುತ್ತ ಬಾಗು ತಂದೆ. ಟರ್ಬೊ ಬಾಯಿಂದ ಇಳಿದು, ಗೇರ್‌ಬಾಕ್ಸಿನ ಪಕ್ಕ ಹಾದು, ಹಿಂದಿನ ಚಕ್ರಗಳ ಅಚ್ಚನ್ನು ಬಳಸಿ ಎಡಗಡೆ ಹೊರಬರಬೇಕು. ನಾಲ್ಕು ದಿನ ಹಿಡಿಯಿತು. ಪೈಪು ತೂಗುಹಾಕುವಲ್ಲಿ ರಬ್ಬರ್ ಹಾಕುವುದು ವಾಡಿಕೆ. ರಬ್ಬರ್ ಹಾಕಿ ನೋಡಿದರೆ ದನಿ ಮಂಕಾಯಿತು. ತೆಗೆದು, ಕ್ಯಾಬಿನ್ನಿನ ಅಡಿಯ ಕಬ್ಬಿಣಕ್ಕೇ ಪೈಪನ್ನು ಬಿಗಿಯಾಗಿ ಬೆಸೆದುಬಿಟ್ಟೆ.

ನನ್ನ ತಪ್ಪು ಅಲ್ಲಿಯದು. ಅದರ ಬೇರು ಇನ್ನೂ ಹಿಂದಿದೆ.

ನಮ್ಮ ತಾತ ಸಂಜೆ ಪದ ಹೇಳುತ್ತಿದ್ದರು. ಎಡಗೈಯಲ್ಲಿ ಏಕತಾರಿ, ಹಣೆ ತುಂಬ ವಿಭೂತಿ. ನಾನು ಹತ್ತಿರ ಹೋಗಿ ಕೂತರೆ, "ಎದ್ದು ಹೋಗು. ಆ ಬೇಲಿ ಹತ್ತಿರ ಕೂತು ಕೇಳು. ಹತ್ತಿರ ಕೂತವನಿಗೆ ತಾತ ಕೇಳ್ತಾನೆ, ದೂರ ಕೂತವನಿಗೆ ಪದ ಕೇಳುತ್ತೆ" ಎನ್ನುತ್ತಿದ್ದರು. ಹಾಗೆ ದೂರ ಕೂತು ಕೇಳಿಯೇ ನನಗೆ ಶಿವನ ಮೇಲೆ ಭಕ್ತಿ ಹುಟ್ಟಿತು. ಯಾವ ಸದ್ದನ್ನಾದರೂ ದೂರ ನಿಂತು ಕೇಳುವುದೇ ನನಗೆ ರೂಢಿಯಾಯಿತು.

ಪೈಪು ಮುಗಿದ ದಿನ ಗಾಡಿಯನ್ನು ಏರು ಹತ್ತಿಸೆಂದು ದಿನೇಶನನ್ನು ಕಳಿಸಿ, ನಾನು ಮೋರಿಯಾಚೆ ಹೋಗಿ ಕಣ್ಣು ಮುಚ್ಚಿ ನಿಂತೆ. ಎರಡನೇ ಗೇರಿನಲ್ಲಿ ಗಾಡಿ ಏರು ಹತ್ತುವಾಗ ಬಂದ ದನಿಯಲ್ಲಿ ಒಡಕಿರಲಿಲ್ಲ. ತಾತನ ಏಕತಾರಿಯ ತಂತಿಯ ಹಾಗೆ ಒಂದೇ ಎಳೆಯಾಗಿ ಕಣಿವೆಯ ಆ ಬದಿ ಮುಟ್ಟಿ ಬಂತು. ಎದುರು ಗುಡ್ಡದ ಮೇಲೆ ಚಿನ್ನಿಯಕ್ಕ ಅಂಗಳಕ್ಕೆ ಬಂದು ಎರಡೂ ಕೈ ಎತ್ತಿ ಬೀಸಿದಳು. ನಾನು ಮೋರಿಯ ಮೇಲೆ ನಿಂತೇ ಕೈ ಮುಗಿದೆ.

ಕ್ಯಾಬಿನ್ನಿನೊಳಗೆ ಕೂತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹನ್ನೆರಡನೆಯ ದಿನ ಚಿನ್ನಿಯಕ್ಕ ತೀರಿಕೊಂಡಳು. ಫ್ಯಾಕ್ಟರಿಯ ಹತ್ತಿರ ಅವಳ ತಂಗಿಯ ಮನೆ. ಅಲ್ಲಿಗೆ ಹೋಗಬೇಕೆಂದು ಮಧ್ಯಾಹ್ನ ಮಗನ ಗಾಡಿ ಹತ್ತಿದ್ದಳು. ಮುಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ಯಾವತ್ತಿನಂತೆ ಹಿಂದೆ. ಉಳಿದ ಹೆಂಗಸರು ಏರಿನ ಕೆಳಗೇ ಇಳಿದಿದ್ದರು. ಕ್ಯಾಬಿನ್ನಿನ ಹಿಂದಿನ ಕಿಂಡಿ ಮುಚ್ಚುವಷ್ಟು ಮೂಟೆ ಇತ್ತು. ಏರು ಮುಗಿದ ಮೇಲೆ ಒಂದು ಆಸ್ಪತ್ರೆ ಸಿಗುತ್ತದೆ, ಅದನ್ನು ದಾಟಿ ಫ್ಯಾಕ್ಟರಿ. ಅಲ್ಲಿ ಕ್ಯೂ ಮುಗಿದು ಮೂಟೆ ಇಳಿಸಲು ಬಂದವರು ನೋಡಿದಾಗ ಮೂಟೆಗಳ ಸಂದಿನಲ್ಲಿ ಮಲಗಿದ್ದಳು. ಮೈ ತಣ್ಣಗಾಗಿತ್ತು. ಎದೆ ನಿಂತಿದೆ, ನಿದ್ದೆಯಲ್ಲೇ ಹೋಗಿರಬೇಕು ಎಂದರು ಡಾಕ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ದಿನೇಶ ಗಾಡಿ ತಂದು ನಿಲ್ಲಿಸಿದ. ತಲೆ ಬೋಳಿಸಿದ್ದ. ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಹಿಂದೆ ಒಂದು ಬೆಸುಗೆ ಬಿಟ್ಟಿದೆ ಮಾಮಾ, ಲಟಲಟ ಅನ್ನುತ್ತೆ. ಅದೊಂದು ಹಾಕಿಕೊಡು. ದನಿ ಮಾತ್ರ ಬದಲಾಯಿಸಬೇಡ. ಅವ್ವೆ ಇಷ್ಟಪಟ್ಟದ್ದು."

ಆಗಲಿ ಎಂದೆ. ಅವನು ಹೋಗಲಿಲ್ಲ. ಕಲ್ಲಿನ ಮೇಲೆ ಕೂತ.

"ಆಸ್ಪತ್ರೆ ಗೇಟಿನ ಮುಂದೆಯೇ ಹೋದೆ ಮಾಮಾ. ಒಂದು ಸಲ ತಟ್ಟಿದ್ದರೆ ಅಲ್ಲೇ ತಿರುಗಿಸ್ತಿದ್ದೆ. ಅವ್ವೆ ತಟ್ಟಲಿಲ್ಲ. ತಟ್ಟಲಿಲ್ಲ ಅಂದರೆ ನೋವಾಗಿಲ್ಲ, ಅಲ್ಲವಾ? ರಾತ್ರಿ ಅದೊಂದು ಹೇಳಿಕೊಂಡು ಮಲಗ್ತೀನಿ."

"ನೋವಾಗಿರಲ್ಲಪ್ಪ" ಎಂದೆ. ಆಗ ಅದು ನನಗೂ ನಿಜವೇ ಆಗಿತ್ತು. ಸಂಜೆ ಬರುತ್ತೇನೆಂದು ಅವನು ಎದ್ದು ಹೋದ.

ಬಿಟ್ಟ ಬೆಸುಗೆ ಎಲ್ಲಿದೆಯೆಂದು ತುಳಿದು ನೋಡಲು ಗಾಡಿಯ ಹಿಂಬದಿ ಹತ್ತಿದೆ. ಕ್ಯಾಬಿನ್ನಿನ ತಗಡಿನ ಮೇಲುಭಾಗದಲ್ಲಿ, ಕೂತವರ ಭುಜದ ಎತ್ತರಕ್ಕೆ, ಉಂಗುರದ ಹಳೆಯ ಗುರುತುಗಳಿದ್ದವು. ಒಂದು ವರ್ಷದ ಗುರುತುಗಳು, ತುಕ್ಕು ಹಿಡಿದು ಕಪ್ಪಾದವು. ಅವನ್ನು ಮುಟ್ಟಿ ನೋಡಿ ಕೆಳಗೆ ಬಗ್ಗಿದೆ. ತಳದಿಂದ ಒಂದು ಗೇಣು ಮೇಲೆ ಇನ್ನೊಂದಿಷ್ಟು ಗುರುತು. ಮಲಗಿದವರ ಕೈಗೆ ಮಾತ್ರ ಎಟುಕುವ ಜಾಗ. ಬಣ್ಣ ಎದ್ದು, ಈಗಷ್ಟೇ ಕಂದು ತಿರುಗುತ್ತಿದ್ದವು. ಒಂದರ ಮೇಲೊಂದು ಬಿದ್ದಿದ್ದವು. ಎಣಿಸಲು ಹೋದೆ, ಆಗಲಿಲ್ಲ. ಕೊನೆಯವು ತಗಡಿಗೆ ಬರೀ ಗೀರಾಗಿದ್ದವು.

ಶಿವನೇ ಎಂದುಕೊಂಡು ಇಳಿದೆ.

ಆಮೇಲೆ ಒಳಗಿನಿಂದ ನನ್ನ ಹೆಂಡತಿ ಸಿದ್ದಾಜಮ್ಮನನ್ನು ಕರೆದೆ. ಕೈಗೆ ಒಂದು ಸ್ಪ್ಯಾನರ್ ಕೊಟ್ಟು, ಹಿಂದೆ ನಿಂತು ತಗಡಿಗೆ ಹೊಡೆಯುತ್ತಿರು ಎಂದೆ. ಕ್ಯಾಬಿನ್ನಿನಲ್ಲಿ ಕೂತು ಬಾಗಿಲು ಹಾಕಿ, ಏರು ಹತ್ತುವಷ್ಟು ಆಕ್ಸಿಲರೇಟರ್ ಒತ್ತಿದೆ. ಹೊರಗೆ ಏಕತಾರಿಯಾದದ್ದು ಒಳಗೆ ಬಂಡೆಯಾಗಿತ್ತು. ಸೀಟು, ಸ್ಟೀರಿಂಗು, ನನ್ನ ಹಲ್ಲು, ಎಲ್ಲದರಲ್ಲೂ ಅದೇ. ಬೇರೆ ಏನೂ ಇರಲಿಲ್ಲ.

ಸಿದ್ದಾಜಮ್ಮ ಮುಂದೆ ಬಂದು ಗಾಜಿಗೆ ಮುಖ ಕೊಟ್ಟಳು. "ಕಿವಿ ಎಲ್ಲಿ ಇಟ್ಟಿದೀರಿ? ಕೈ ನೋಯೋವರೆಗೂ ಹೊಡೆದೆ."

ಅವಳು ನನ್ನ ಮುಖ ನೋಡಿದಳು. ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು.

ಹೇಳಿದರೆ ಅವನು ರಾತ್ರಿ ಹೇಳಿಕೊಂಡು ಮಲಗುವ ಆ ಒಂದು ಮಾತು ಹೋಗುತ್ತದೆ. ಹೇಳದೆ ಪೈಪನ್ನು ಹಾಗೇ ಬಿಟ್ಟರೆ ನಾಳೆ ಬೆಳಿಗ್ಗೆ ವಳ್ಳಿ, ಕಾಳಿಯಮ್ಮ, ಇನ್ನೂ ಐದಾರು ಜನ ಅದೇ ಮೂಟೆಗಳ ಮೇಲೆ ಕೂರುತ್ತಾರೆ. ಬೆಳಿಗ್ಗೆ ಕೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದ ಮನುಷ್ಯ ನಾನು. ಸಂಜೆಗೆ ಸುಳ್ಳು ಹೇಳುವುದೆಂದು ತೀರ್ಮಾನ ಮಾಡಿದೆ.

ಬಿಗಿ ಬೆಸುಗೆಗಳನ್ನೆಲ್ಲ ಗ್ರೈಂಡರಿನಲ್ಲಿ ಕೊಯ್ದು ರಬ್ಬರ್ ಕೂರಿಸಿದೆ. ನಡುವೆ ಪೈಪು ಕತ್ತರಿಸಿ ದೊಡ್ಡದೊಂದು ಸೈಲೆನ್ಸರ್ ಸೇರಿಸಿದೆ. ಮೇಲಿನ ಹಳೆಯ ಗುರುತುಗಳನ್ನು ಹಾಗೇ ಬಿಟ್ಟೆ. ಕೆಳಗಿನವಕ್ಕೆ ತಗ್ಗು ಮುಚ್ಚುವ ಲಪ್ಪ ಮೆತ್ತಿ, ಉಜ್ಜಿ, ನೀಲಿ ಬಣ್ಣ ಹೊಡೆದೆ. ನೀಲಿ ಸರಿಯಾಗಿ ಹೊಂದಲಿಲ್ಲ.

ಸಂಜೆ ದಿನೇಶ ಗಾಡಿ ಸ್ಟಾರ್ಟ್ ಮಾಡಿದವನು ತಕ್ಷಣ ಆಫ್ ಮಾಡಿದ.

"ಏನು ಮಾಡಿಬಿಟ್ಟೆ ಮಾಮಾ? ಅವ್ವೆಯ ದನಿ ತೆಗೆದುಬಿಟ್ಟೆಯಲ್ಲ."

"ಚೆಕ್‌ಪೋಸ್ಟಿನಲ್ಲಿ ದೊಡ್ಡ ಪೈಪು ಹಿಡೀತಿದಾರೆ ಅಂತ ಕೇಳಿದೆ. ಗಾಡಿ ನಿಂತರೆ ನಿನಗೆ ಕಷ್ಟ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಅವನು ಇಳಿದು ಹಿಂದಿನ ತಗಡು ನೋಡಿದ. "ಈ ಬಣ್ಣ ಯಾಕೆ?"

"ತುಕ್ಕು ಹಿಡಿದಿತ್ತು."

ಅವನು ತಿರುಗಿ ಗಾಡಿ ಹತ್ತಿದ. ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ತೋಟದಿಂದ ಬಂದ ವಳ್ಳಿ ಹಟ್ಟಿಗೆ ಹೋಗುವ ಗಾಡಿ ಸಿಕ್ಕಿತೆಂದು ಹಿಂದೆ ಹತ್ತಿದಳು. ಗಾಡಿ ಹೊರಟಿತು. ನನ್ನ ಶೆಡ್ಡಿನ ಮೇಲುಗಡೆಯೇ ಏರಿನ ತಿರುವು. ಅಲ್ಲಿ ಎರಡನೇ ಗೇರಿಗೆ ಇಳಿದದ್ದು ಕೇಳಿತು. ಬೇರೆ ಗಾಡಿಗಳ ಕೆಮ್ಮೇ ಇದಕ್ಕೂ ಬಂದಿತ್ತು.

ಆಗ ವಳ್ಳಿ ತಗಡು ತಟ್ಟಿದಳು. ಎರಡು ಸಲ. ಗಾಡಿ ಅಲ್ಲೇ ಏರಿನಲ್ಲಿ ನಿಂತಿತು.

"ಅಬ್ಬಾ, ಇವತ್ತು ಕಿವಿ ಬಂತಲ್ಲ ನಿನಗೆ!" ಅವಳ ನಗು ಕೆಳಗಿನವರೆಗೂ ಕೇಳಿತು. "ನನ್ನ ಬುತ್ತಿ ಡಬ್ಬಿ ಕೆಳಗೇ ಬಿಟ್ಟೆ. ದೊಡ್ಡ ಪೈಪು ಹಾಕಿಸಿದ ಮೇಲೆ ಅವತ್ತೊಂದಿನ ಇದೇ ಏರಿನಲ್ಲಿ ಎಷ್ಟು ತಟ್ಟಿದೆ, ಮೇಲೆ ಹೋದ ಮೇಲೇ ನಿಲ್ಲಿಸಿದೆ ನೀನು. ಇಳಿದು ಬಯ್ಯೋಣ ಅಂತಿದ್ದೆ, ಮರೆತೇಬಿಟ್ಟೆ."

ಅವಳು ಇಳಿದು ಶೆಡ್ಡಿನ ಕಡೆ ಓಡಿ ಬಂದಳು. ದಿನೇಶನೂ ಇಳಿದ. ಹಿಂಬದಿಗೆ ಬಂದ. ಆಮೇಲೆ ಹತ್ತಿ, ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಂದದ ಆ ನೀಲಿಯ ಮೇಲೆ ಅಂಗೈ ಇಟ್ಟ.

ನಾನು ಕೆಳಗೆ ನಿಂತಿದ್ದೆ, ತಾತ ಹೇಳಿದಷ್ಟು ದೂರದಲ್ಲಿ. ವಳ್ಳಿ ಡಬ್ಬಿ ಹಿಡಿದು ತಿರುಗಿ ಹೋಗಿ, "ಹೋಗೋಣವಾ?" ಎಂದು ಮೂರು ಸಲ ಕೇಳಿದಳು. ಅವನು ಅಂಗೈ ತೆಗೆಯಲಿಲ್ಲ. ಹಸಿ ಬಣ್ಣ ಕೈಗೆ ಹತ್ತೀತು ಎಂದು ಕೂಗಿ ಹೇಳಬೇಕೆನಿಸಿತು.