ಕೆಂಪು ತುದಿಯ ಸಿಟ್ಟು

ನಾನು ಒಂದು ಅಯಸ್ಕಾಂತ. ಅಂಗೈ ಉದ್ದದ ಉಕ್ಕಿನ ಪಟ್ಟಿ. ಒಂದು ತುದಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ನೀಲಿ. ನನಗೆ ಸಿಟ್ಟು ಬಂದಿದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಯಸ್ಸಾದ ವಸ್ತುಗಳು ಸಮಾಧಾನದಿಂದ ತಮ್ಮ ಕಥೆ ಹೇಳುತ್ತವೆ ಎಂದುಕೊಂಡು ಕುಳಿತವರಿಗೆ ನನ್ನಿಂದ ನಿರಾಶೆಯಾದೀತು.

ಹುಟ್ಟಿದಾಗ ನಾನು ಬರೀ ಉಕ್ಕು. ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿದರು, ಕತ್ತರಿಸಿದರು, ನೀರಿಗೆ ಅದ್ದಿ ಉಜ್ಜಿ ನುಣುಪು ಮಾಡಿದರು. ಕೊನೆಗೆ ತಾಮ್ರದ ತಂತಿಯ ಸುರುಳಿಯೊಳಗೆ ಇಟ್ಟು ಗುಂಡಿ ಒತ್ತಿದರು. ಅಲ್ಲಿಯವರೆಗೆ ನನ್ನೊಳಗಿನ ಕಣಗಳು ಸಂತೆಯಲ್ಲಿನ ಜನರಂತೆ ತಮಗೆ ಬೇಕಾದ ಕಡೆ ಮುಖ ಮಾಡಿಕೊಂಡಿದ್ದವು. ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಒಂದೇ ದಿಕ್ಕಿಗೆ ತಿರುಗಿ ನಿಂತವು. ಹೊರಗೆ ಏನೂ ಬದಲಾಗಲಿಲ್ಲ. ಒಳಗೆ ನಾನು ಬೇರೆಯೇ ಆಗಿದ್ದೆ.

ಮರದ ಪೆಟ್ಟಿಗೆಯಲ್ಲಿ ನನ್ನ ಪಕ್ಕಕ್ಕೆ ನನ್ನಂಥದೇ ಇನ್ನೊಂದನ್ನು ಮಲಗಿಸಿದರು. ನನ್ನ ಕೆಂಪು ತುದಿಯ ಪಕ್ಕಕ್ಕೆ ಅದರ ನೀಲಿ ತುದಿ, ನಡುವೆ ತೆಳ್ಳನೆಯ ಮರದ ಪಟ್ಟಿ, ಎರಡೂ ಕೊನೆಗಳಿಗೆ ಅಡ್ಡಲಾಗಿ ಮೆದು ಕಬ್ಬಿಣದ ಒಂದೊಂದು ತುಂಡು. ಆ ತುಂಡುಗಳು ಅಂದಕ್ಕಲ್ಲ. ನಮ್ಮ ಬಲ ಅವುಗಳ ಮೂಲಕ ಸುತ್ತಿ ಸುತ್ತಿ ನಮ್ಮಲ್ಲೇ ಉಳಿಯುತ್ತದೆ. ಅವಿಲ್ಲದೆ ಬಿಟ್ಟರೆ ತೂತುಬಿದ್ದ ಕೊಡದ ಹಾಗೆ ನಾವು ಮೆಲ್ಲಗೆ ಖಾಲಿಯಾಗುತ್ತೇವೆ.

ಹೀಗೆ ಜೋಡಿಯಾಗಿ ನಾವು ಬಂದು ಸೇರಿದ್ದು ಕೆಂಗುಡ್ಡ ಎಂಬ ಊರಿನ ಪ್ರೌಢಶಾಲೆಗೆ. ಅದಿರಿನ ಸೀಮೆ. ರಸ್ತೆ ಕೆಂಪು, ಬೇವಿನ ಎಲೆ ಕೆಂಪು, ನಾಯಿಗಳ ಬೆನ್ನು ಕೆಂಪು. ಗುಡ್ಡವನ್ನು ಅಗೆದು ಲಾರಿಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಆ ಮಣ್ಣಿನಲ್ಲಿ ಇದ್ದದ್ದು ಕಬ್ಬಿಣ. ಸಂಬಂಧಿಕರ ಊರಿಗೆ ಬಂದಂತೆ ನನಗೆ ಹಿಗ್ಗಾಗಿತ್ತು.

ಅಲ್ಲಿ ನನ್ನನ್ನು ಮೊದಲು ಕೈಗೆತ್ತಿಕೊಂಡವರು ಹೊನ್ನೂರಸಾಬ್ ಮೇಷ್ಟ್ರು. ದಪ್ಪ ಬೆರಳು, ಎಲೆಅಡಿಕೆಯ ವಾಸನೆ. ಮಕ್ಕಳು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

“ಸಾರ್, ಐಸ್ ಹಾಕಿದ ಲೋಟ ಹೊರಗ್ಯಾಕ ಬೆವರ್ತೈತಿ?”

“ಸಾರ್, ಹಾಲು ಉಕ್ಕಿ ಚೆಲ್ಲತೈತಿ, ನೀರ್ಯಾಕ ಚೆಲ್ಲಲ್ಲ?”

ಅವರು ಯಾವುದಕ್ಕೂ ತಟ್ಟನೆ ಉತ್ತರ ಹೇಳಿದವರಲ್ಲ. “ಬರ್ರಲೇ, ಅದನ್ನೇ ಕೇಳಾಣ” ಎನ್ನುತ್ತಿದ್ದರು. ಹಾಲಿನ ವಿಷಯವಾದರೆ ಹಾಲನ್ನೇ ಒಲೆಗಿಟ್ಟು, ಕೆನೆ ಕಟ್ಟುವುದನ್ನೂ ಆ ಕೆನೆಯ ಕೆಳಗೆ ಹಬೆ ಸಿಕ್ಕಿಕೊಂಡು ಒದ್ದಾಡುವುದನ್ನೂ ತೋರಿಸುತ್ತಿದ್ದರು. ನನ್ನ ವಿಷಯವಾದರೆ ನನ್ನ ಸೊಂಟಕ್ಕೆ ದಾರ ಕಟ್ಟಿ ಕಿಟಕಿಗೆ ತೂಗುಹಾಕುತ್ತಿದ್ದರು. ಹುಡುಗರು ನನ್ನನ್ನು ಹೇಗೆ ತಿರುಗಿಸಿ ಬಿಟ್ಟರೂ ನಾನು ತೂರಾಡಿ ತೂರಾಡಿ ಮತ್ತೆ ಅದೇ ದಿಕ್ಕಿಗೆ ಬಂದು ನಿಲ್ಲುತ್ತಿದ್ದೆ. ನಾನು ನಿಲ್ಲುವವರೆಗೆ ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಆ ಮೌನದ ನೆನಪು ನನಗೆ ಇನ್ನೂ ಇದೆ. ಅದು ತುಂಬಿದ ಮೌನ.

ಪಾಠ ಮುಗಿದ ಮೇಲೆ ಅವರು ಕಬ್ಬಿಣದ ತುಂಡುಗಳನ್ನು ತಾವೇ ಕೂರಿಸಿ, “ಇವನ್ನ ಉಣಿಸಿ ಮಲಗಿಸ್ಬೇಕಲೇ, ಇಲ್ಲಾಂದ್ರ ಸೊರಗ್ತಾವ” ಎಂದು ಪೆಟ್ಟಿಗೆ ಮುಚ್ಚುತ್ತಿದ್ದರು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಅವರ ಜಾಗಕ್ಕೆ ವೃಷಭೇಂದ್ರಯ್ಯ ಸರ್ ಬಂದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಡಿಸಿದ ಬಿಳಿ ಕರವಸ್ತ್ರ, ಹಲಗೆಯ ಮೇಲೆ ಅಚ್ಚು ಹಾಕಿದಂಥ ಅಕ್ಷರ. ಸೋಮಾರಿಯಲ್ಲ. ಪರೀಕ್ಷೆಗೆ ಬರುವುದನ್ನೆಲ್ಲ ಬರೆಸುತ್ತಿದ್ದರು, ಮಕ್ಕಳು ಪಾಸಾಗುತ್ತಿದ್ದರು. ಬರದಿರುವುದನ್ನು ಯಾರಾದರೂ ಕೇಳಿದರೆ ಒಂದೇ ಮಾತು: “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ.”

ಒಮ್ಮೆ ಮೇಲಿನ ಅಧಿಕಾರಿ ಶಾಲೆ ನೋಡಲು ಬರುತ್ತಾರೆಂದು ಪ್ರಯೋಗಾಲಯದ ಗಾಜಿನ ಬೀರುವನ್ನು ಮದುವಣಗಿತ್ತಿಯಂತೆ ಸಿಂಗರಿಸಿದರು. ನಮ್ಮ ಪೆಟ್ಟಿಗೆ ತೆರೆದು ಸರ್ ಮುಖ ಸಿಂಡರಿಸಿದರು. ಮೆದು ಕಬ್ಬಿಣದ ತುಂಡುಗಳಿಗೆ ತುಕ್ಕು ಹತ್ತಿತ್ತು. ಅವನ್ನು ತೆಗೆದು ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಒತ್ತು ಕೊಟ್ಟರು. ನಮ್ಮಲ್ಲಿ ಒಂದರ ಕೆಂಪಿನ ಪಕ್ಕ ಇನ್ನೊಂದರ ನೀಲಿ ಅವರ ಕಣ್ಣಿಗೆ ಸೊಟ್ಟಗೆ ಕಂಡಿತು. ನೀಲಿ ಮಖಮಲ್ ಬಟ್ಟೆ ಹಾಸಿ ನಮ್ಮಿಬ್ಬರನ್ನು ಕೆಂಪಿಗೆ ಕೆಂಪು, ನೀಲಿಗೆ ನೀಲಿ ಸೇರಿಸಿ ಒತ್ತಾಗಿ ಮಲಗಿಸಿದರು. ನಾವು ಒಂದನ್ನೊಂದು ತಳ್ಳಿ ದೂರ ಸರಿದೆವು. ಮತ್ತೆ ಕೂಡಿಸಿದರು, ಮತ್ತೆ ಸರಿದೆವು. ವಿಜ್ಞಾನದ ಮೇಷ್ಟ್ರಿಗೆ ನಾವು ಇದಕ್ಕಿಂತ ಬಾಯಿಬಿಟ್ಟು ಏನು ಹೇಳಬೇಕಿತ್ತು? ಅವರು ರಬ್ಬರ್ ಬ್ಯಾಂಡ್ ಹಾಕಿ ಬಿಗಿದರು. ಅಧಿಕಾರಿ ಗಾಜಿನ ಹೊರಗಿನಿಂದಲೇ ಬಗ್ಗಿ ನೋಡಿ, “ಭಾಳ ಚೆಂದ ಇಟ್ಟೀರಿ” ಎಂದು ಹೊರಟುಹೋದರು.

ಹಾಗೇ ವರ್ಷಗಳು ಕಳೆದವು. ಜೊತೆಗಾರನ ಬಲ ನನ್ನದನ್ನು ತಿಂದಿತು, ನನ್ನದು ಅವನದನ್ನು. ಒಂದೇ ಕಡೆ ಮುಖ ಮಾಡಿದ್ದ ಕಣಗಳು ಒಂದೊಂದಾಗಿ ಮುಖ ತಿರುಗಿಸಿದವು. ಬಣ್ಣ ಮಾತ್ರ ಫಳಫಳ ಹೊಳೆಯುತ್ತಿತ್ತು.

ಆಗ ಹುಲಿಗೆಮ್ಮ ಎಂಬ ಹುಡುಗಿ ಒಂಬತ್ತನೆಯ ತರಗತಿಗೆ ಬಂದಳು. ಅವಳ ತಾಯಿ ಗಾಳೆಮ್ಮ ಲಾರಿ ರಸ್ತೆಯ ಪಕ್ಕದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಅದೇ ಊರಿನ ಕೆಂಪು ಮಣ್ಣಿನಲ್ಲಿ ಕಟ್ಟಿದ ದೊಡ್ಡ ಸೌದೆ ಒಲೆ, ಬೆಳಿಗ್ಗೆಯಿಂದ ಸಂಜೆಯವರೆಗೆ ರೊಟ್ಟಿ. ನನ್ನ ಪಾಠ ನಡೆದ ದಿನ ಹುಲಿಗೆಮ್ಮ ಎದ್ದು ನಿಂತಳು.

“ಸಾರ್, ನಮ್ಮ ಮಣ್ಣಾಗ ಕಬ್ಬಿಣ ಐತಿ ಅಂತ ಲಾರಿಗಟ್ಟಲೆ ಒಯ್ತಾರ. ಮತ್ತ ಆ ಮಣ್ಣು ಅಯಸ್ಕಾಂತಕ್ಕ ಯಾಕ ಅಂಟಲ್ಲ?”

ಬೀರುವಿನೊಳಗೆ ನಾನು ನಡುಗಿದೆ. ಎಷ್ಟು ವರ್ಷಗಳ ಮೇಲೆ ನನ್ನನ್ನು ಯಾರೋ ಕೇಳಿದ್ದರು! ಉತ್ತರ ನನಗೆ ಗೊತ್ತಿತ್ತು. ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತುಕ್ಕಿನಂತೆ ಆಗಿಬಿಟ್ಟಿದೆ. ಆ ರೂಪದಲ್ಲಿ ಅದು ನಾನು ಕರೆದರೆ ಬರುವುದಿಲ್ಲ.

ಸರ್ ಕೈಯಲ್ಲಿದ್ದ ಪುಸ್ತಕದ ಪುಟ ಮಗುಚಿದರು. “ಮಣ್ಣು ಮಣ್ಣೇ, ಕಬ್ಬಿಣ ಕಬ್ಬಿಣವೇ. ಅಂಟಲ್ಲ ಅಂದ್ರೆ ಅಂಟಲ್ಲ. ಕೂತ್ಕೋ.”

ಅವಳು ಕೂರಲಿಲ್ಲ. “ಹಂಗಾರ ನಮ್ಮ ಒಲಿ ಮಣ್ಣು ಅಂಟತೈತಲ್ರಿ ಸಾರ್? ಕೆಟ್ಟ ರೇಡಿಯೋದ ಸ್ಪೀಕರಿಂದು ಒಂದು ಅಯಸ್ಕಾಂತ ಐತಿ ನಮ್ಮನ್ಯಾಗ. ಒಲಿ ಮುಂದ ಬಿದ್ದಿತ್ತು, ಎತ್ತಿದ್ರ ಗಡ್ಡ ಬಂದಂಗ ಮಣ್ಣು ಹತ್ತಿತ್ತು.”

ಹಿಂದಿನ ಬೆಂಚಿನ ಜಡಿಯಪ್ಪ ಕೂಗಿದ. “ಸಾರ್, ಇನ್ಮ್ಯಾಲ ಆಕಿ ಒಲಿನೂ ಲಾರಿಗೆ ತುಂಬ್ತಾರ ನೋಡ್ರಿ!”

ತರಗತಿ ಹೊಟ್ಟೆ ಹಿಡಿದು ನಕ್ಕಿತು. ಸರ್ ಮುಖ ಕೆಂಪಾಯಿತು. “ಅದು ಬೂದಿ.”

“ಬೂದಿ ಅಲ್ರಿ, ಮಣ್ಣು.”

“ನಾಳೆ ತಗೊಂಡು ಬಾ. ಅಂಟಿದರೆ ಸರಿ. ಇಲ್ಲದಿದ್ದರೆ ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು. ಆಮೇಲೆ ನನ್ನ ಕ್ಲಾಸಲ್ಲಿ ನಿನ್ನ ಬಾಯಿಂದ ಒಂದು ಪ್ರಶ್ನೆ ಬರಕೂಡದು.”

ಮರುದಿನ ಅವಳು ಒಲೆಯ ಒಳಮೈಯಿಂದ ಕೆರೆದ ಮಣ್ಣನ್ನು ಪುಡಿ ಮಾಡಿ ಕಾಗದದ ಪೊಟ್ಟಣದಲ್ಲಿ ತಂದಿದ್ದಳು. ಸ್ಪೀಕರಿನ ಕರಿ ಬಳೆಯಂಥ ಅಯಸ್ಕಾಂತವನ್ನೂ ತಂದಿದ್ದಳು. “ಆ ಗುಜರಿ ಸಾಮಾನು ಒಳಗಿಡು. ಶಾಲೆಯದು ಇದೆ” ಎಂದು ಸರ್ ನನ್ನನ್ನು ಹೊರತೆಗೆದು ಪುಡಿಯೊಳಗೆ ಆಡಿಸಿದರು.

ನನ್ನಲ್ಲಿ ಉಳಿದದ್ದೆಲ್ಲವನ್ನೂ ಕೂಡಿಸಿ ಎಳೆದೆ. ಆ ಮಣ್ಣು ನನಗೆ ಅಂಟಬೇಕಾದದ್ದೇ. ಒಲೆಯ ಬೆಂಕಿಯೂ ಹೊಗೆಯೂ ವರ್ಷಗಟ್ಟಲೆ ಅದನ್ನು ಸುಟ್ಟು, ಆಮ್ಲಜನಕದಲ್ಲಿ ಸ್ವಲ್ಪವನ್ನು ಕಸಿದುಕೊಂಡು, ಅದನ್ನು ಬೇರೆಯೇ ಕಪ್ಪು ವಸ್ತುವಾಗಿ ಮಾಡಿದ್ದವು. ಅದಕ್ಕೆ ಬರುವ ಮನಸ್ಸಿತ್ತು. ಕರೆಯಲು ನನಗೆ ದನಿಯಿರಲಿಲ್ಲ. ಸರ್ ನನ್ನನ್ನು ಮೇಲೆತ್ತಿ ತೋರಿಸಿದರು. ಬೆಂಚುಗಳಿಂದ ನೋಡಿದವರಿಗೆ ಏನೂ ಕಾಣಲಿಲ್ಲ. ನಗು ಮತ್ತೆ ಎದ್ದಿತು.

ಹುಲಿಗೆಮ್ಮ ಮಣ್ಣನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಸಾರ್, ಇದಕ್ಕ ಶಕ್ತಿ ಇಲ್ಲ. ಒಂದು ಗುಂಡುಪಿನ್ ಹಚ್ಚಿ ನೋಡ್ರಿ.”

“ನನಗೇ ಕಲಿಸ್ತೀಯಾ?” ಸರ್ ನನ್ನನ್ನು ಮೇಜಿನ ಮೇಲೆ ಎಸೆದರು. ನಾನು ಉರುಳಿ ಸಿಮೆಂಟು ನೆಲಕ್ಕೆ ಬಿದ್ದೆ. ಇದ್ದಬದ್ದ ಕಣಗಳೂ ಬೆಚ್ಚಿ ಚೆದುರಿದವು. “ನಾಳೆ ನಿಮ್ಮ ತಾಯಿನ ಕರ್ಕೊಂಡು ಬಾ.”

ಗಂಟೆ ಹೊಡೆಯಿತು. ಮಕ್ಕಳು ಹೋದರು. ಮುಂದೆ ನಡೆದದ್ದು ನನಗೂ ಸರ್‌ಗೂ ಮಾತ್ರ ಗೊತ್ತು.

ಸರ್ ಬಗ್ಗಿ ನನ್ನನ್ನು ಎತ್ತಿಕೊಂಡರು. ನನ್ನ ಕೆಂಪು ತುದಿಯ ಅಂಚಿನಲ್ಲಿ ಕಣ್ಣಿಗೆ ಹಚ್ಚಿದ ಕಾಡಿಗೆಯಷ್ಟು ತೆಳ್ಳಗೆ ಕಪ್ಪು ಗೆರೆಯೊಂದಿತ್ತು. ಕನ್ನಡಕ ಮೇಲೇರಿಸಿ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಉಜ್ಜಿ ತೆಗೆದು ಮತ್ತೆ ನನ್ನನ್ನು ಪುಡಿಗೆ ಅದ್ದಿದರು. ಗೆರೆ ಮತ್ತೆ ಬಂತು. ಅವರು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ನನ್ನನ್ನು ಒರೆಸಿದರು. ನಿಧಾನವಾಗಿ, ಚೊಕ್ಕಟವಾಗಿ ಒರೆಸಿದರು. ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಗೊತ್ತಿಲ್ಲದಿರುವುದಕ್ಕೆ ನಾನು ಯಾರ ಮೇಲೂ ಸಿಟ್ಟಾದವನಲ್ಲ. ಹೊನ್ನೂರಸಾಬರಿಗೂ ಎಷ್ಟೋ ಗೊತ್ತಿರಲಿಲ್ಲ. ನನ್ನನ್ನು ತಪ್ಪಾಗಿ ಮಲಗಿಸಿದ್ದನ್ನೂ ಮರೆಯಬಲ್ಲೆ. ಆ ಕರವಸ್ತ್ರವನ್ನು ಮರೆಯಲಾರೆ.

ಮರುದಿನ ಗಾಳೆಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಹೊಸ್ತಿಲಿನ ಹೊರಗೇ ನಿಂತು, “ತಪ್ಪು ತಿಳೀಬ್ಯಾಡ್ರಿ ಸಾರ್, ಇದರ ಬಾಯಿ ಸ್ವಲ್ಪ ಜೋರು” ಎಂದಳು. ಮಗಳ ಭುಜ ತಿವಿದಳು. “ಅನ್ನು. ಅಂದ್ರ ನಾಲಿಗಿ ಏನು ಸವೆಯಲ್ಲ.”

ಹುಲಿಗೆಮ್ಮ ಸರ್ ಮುಖವನ್ನೇ ನೋಡುತ್ತ ನಿಂತಳು. ಆಗಲಾದರೂ ಅವರು ಒಂದು ಮಾತು ಆಡಬಹುದಿತ್ತು. ಅವರು ಕಿಟಕಿಯ ಹೊರಗೆ ಲಾರಿಗಳನ್ನು ನೋಡುತ್ತಿದ್ದರು.

“ತಪ್ಪಾತ್ರಿ ಸಾರ್. ಒಲಿ ಮಣ್ಣು ಅಂಟಲ್ಲ.”

“ಹ್ಞಾಂ. ಕೂತ್ಕೋ.”

ಅಂದಿನಿಂದ ಅವಳು ಏನನ್ನೂ ಕೇಳಲಿಲ್ಲ. ಅವಳನ್ನು ನೋಡಿ ಉಳಿದವರೂ ಬಿಟ್ಟರು. ಲೋಟ ಬೆವರಿದರೆ ಬೆವರಿತು, ಹಾಲು ಉಕ್ಕಿದರೆ ಉಕ್ಕಿತು. ಬೀರುವಿನೊಳಗಿಂದ ನಾನು ಕೇಳುತ್ತಿದ್ದದ್ದು ಬರೀ ಪೆನ್ನುಗಳ ಸದ್ದು. ಮುಖ್ಯೋಪಾಧ್ಯಾಯರು ಹಾದುಹೋಗುವಾಗ “ಎಷ್ಟು ಶಿಸ್ತು!” ಎನ್ನುತ್ತಿದ್ದರು. ಆ ಮೌನ ಖಾಲಿ ಮಡಕೆಯದು. ಅದನ್ನು ಶಿಸ್ತು ಎಂದವರ ಮೇಲೂ ನನಗೆ ಸಿಟ್ಟಿದೆ.

ಮರುವರ್ಷ ಹೊಸ ಸಾಮಾನು ಬಂತು. ಹಳೆಯದನ್ನೆಲ್ಲ ನಲ್ಲಿಯ ಹಿಂದಿನ ತಗಡಿನ ಡಬ್ಬಕ್ಕೆ ಸುರಿದರು. ನನ್ನ ಜೊತೆಗಾರ ಎಲ್ಲಿ ಬಿದ್ದನೋ ಕಾಣೆ. ಮಳೆ ನೀರಿನಲ್ಲಿ ನನ್ನ ಬಣ್ಣ ಸಿಪ್ಪೆ ಎದ್ದಿತು. ಒಂದು ದಿನ ನೀರು ಕುಡಿಯಲು ಬಂದ ಹುಲಿಗೆಮ್ಮ ಡಬ್ಬದೊಳಗೆ ಇಣುಕಿದಳು. ಅವಳೀಗ ಹತ್ತನೆಯ ತರಗತಿ. ನನ್ನನ್ನು ಎತ್ತಿ ಲಂಗಕ್ಕೆ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಆ ಸ್ಪೀಕರಿನ ಅಯಸ್ಕಾಂತವನ್ನು ನನ್ನ ಮೈಮೇಲೆ ಉದ್ದಕ್ಕೂ ಎಳೆದಳು. ಕೊನೆಗೆ ಬಂದಾಗ ಎತ್ತಿ ಮತ್ತೆ ಮೊದಲಿನಿಂದ, ಯಾವಾಗಲೂ ಒಂದೇ ದಿಕ್ಕಿಗೆ. ಪ್ರತಿ ಎಳೆತಕ್ಕೂ ನನ್ನೊಳಗೆ ಯಾರೋ ಹೊರಳಿ ಎದ್ದಂತಾಗುತ್ತಿತ್ತು. ಗುಜರಿ ಎನ್ನಿಸಿಕೊಂಡದ್ದು ಗುಜರಿಯಾದದ್ದನ್ನು ಎಬ್ಬಿಸಿತು.

ಅದೇ ವಾರ ಗಾಳೆಮ್ಮನ ಒಲೆ ಬಿರುಕುಬಿಟ್ಟಿತು. ಹೊಸದನ್ನು ಕಟ್ಟಲು ಅವಳು ಹಳೆಯದನ್ನು ಒಡೆದಳು. ಹುಲಿಗೆಮ್ಮ ಆ ಕರಿ ಹೆಂಟೆಯೊಂದನ್ನು ಕುಟ್ಟಿ ಪುಡಿಮಾಡಿ ನನ್ನನ್ನು ಇಳಿಸಿದಳು. ಮಣ್ಣು ಎದ್ದು ಬಂತು. ಮುಳ್ಳುಮುಳ್ಳಾಗಿ, ಗಡ್ಡದಂತೆ.

ಗಾಳೆಮ್ಮ ಗುದ್ದಲಿ ಕೆಳಗಿಟ್ಟಳು. “ಹಂಗಾರ ಅವತ್ತು ನೀ ಅಂದಿದ್ದು ಖರೇನ?”

“ಹ್ಞೂಂ.”

“ಮತ್ತ ತಪ್ಪಾತು ಅಂತ ಯಾಕಂದಿ?”

“ನೀನ ಅನ್ನು ಅಂದಿ.”

ಗಾಳೆಮ್ಮ ಒಂದು ದೊಡ್ಡ ಹೆಂಟೆಯನ್ನು ಸೆರಗಿಗೆ ಹಾಕಿಕೊಂಡು ಎದ್ದಳು. “ನನ್ನ ಒಲಿ ಹೆಸರ್ಲೆ ನಾನ ನನ್ನ ಮಗಳ ಕಡೆ ಸುಳ್ಳಾಡಿಸಿದ್ನಾ? ನಡಿ ಸಾಲಿಗೆ.”

ಈ ಸಲ ಅವಳು ಹೊಸ್ತಿಲಲ್ಲಿ ನಿಲ್ಲಲಿಲ್ಲ. ಹೆಂಟೆಯನ್ನು ಸರ್ ಮೇಜಿನ ಮೇಲೆ ಇಟ್ಟು ಅಂಗೈಯಿಂದ ಹಿಸುಕಿ ಪುಡಿ ಮಾಡಿದಳು. “ಸಾರ್, ದಿನಾ ಇದ್ರ ಮುಂದ ಕುಂದ್ರಾಕಿ ನಾನು. ನಿಮ್ಮ ಸಾಲೀದ ಅಯಸ್ಕಾಂತ, ಕಣ್ಬಿಟ್ಟು ನೋಡ್ರಿ.” ಹುಲಿಗೆಮ್ಮ ನನ್ನನ್ನು ಅದ್ದಿ ಎತ್ತಿದಳು. ಹಿಂದಿನ ಬೆಂಚಿನವರು ಎದ್ದು ನಿಂತರು.

ವೃಷಭೇಂದ್ರಯ್ಯ ಸರ್ ನನ್ನನ್ನು ತೆಗೆದುಕೊಂಡರು. ಅವರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕರವಸ್ತ್ರ ಹೊರಬಂತು. ಒರೆಸಿದರು. ಆದರೆ ಬಲವಿರುವ ಅಯಸ್ಕಾಂತದಿಂದ ಮಣ್ಣನ್ನು ಒರೆಸಿ ತೆಗೆಯುವುದು ಸುಲಭವಲ್ಲ. ಅದು ಇನ್ನೊಂದು ಮಗ್ಗುಲಿಗೆ ಸರಿದು ಮತ್ತೆ ನೆಟ್ಟಗೆ ನಿಲ್ಲುತ್ತದೆ. ಅವರು ಇನ್ನೊಮ್ಮೆ ಒರೆಸಿದರು. ಬಿಳಿ ಬಟ್ಟೆ ಕಪ್ಪಾಯಿತು. ಮಣ್ಣು ನಿಂತೇ ಇತ್ತು.

“ಅಂಟ್ತದೆ,” ಎಂದರು. ಪಿಸುಮಾತಿನಷ್ಟು ಸಣ್ಣಗೆ.

ಹುಲಿಗೆಮ್ಮ ನಗಲಿಲ್ಲ. “ಯಾಕ ಅಂಟತೈತ್ರಿ ಸಾರ್?”

“ಅದು... ಪರೀಕ್ಷೆಗೆ ಬರಲ್ಲ.”

ಯಾರೂ ಪೆನ್ನು ಎತ್ತಲಿಲ್ಲ. ಹಿಂದಿನಿಂದ ಜಡಿಯಪ್ಪನ ದನಿ ಬಂತು. “ಬರದಿದ್ರೂ ಹೇಳ್ರಿ ಸಾರ್.”

ಅವರು ಅಂದು ಹೇಳಲಿಲ್ಲ. ಕಪ್ಪಾದ ಕರವಸ್ತ್ರವನ್ನು ಮಡಿಸುತ್ತ ನಿಂತಿದ್ದರು. ಮುಂದೆ ಹೇಳಿದರೋ ಇಲ್ಲವೋ ನನಗೆ ತಿಳಿಯದು. ಗಾಳೆಮ್ಮ ನನ್ನನ್ನು ಅವರ ಕೈಯಿಂದ ಇಸಿದುಕೊಂಡು ಬಂದಿದ್ದಳು.

ಈಗ ನಾನು ಖಾನಾವಳಿಯ ಗೋಡೆಯ ಗೂಡಿನಲ್ಲಿದ್ದೇನೆ, ಉಪ್ಪಿನ ಭರಣಿಯ ಪಕ್ಕ. ನನ್ನ ತುದಿಗೆ ಹುಲಿಗೆಮ್ಮ ಒಂದು ಹಳೆಯ ಲಾಳದ ತುಂಡನ್ನು ಅಂಟಿಸಿಟ್ಟಿದ್ದಾಳೆ, ಸೊರಗದಿರಲಿ ಎಂದು. ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ. ಎಷ್ಟೋ ಬೀರುಗಳಲ್ಲಿ ನನ್ನಂಥವು ಇನ್ನೂ ಕೆಂಪಿಗೆ ಕೆಂಪು ಸೇರಿ ಚೆಂದವಾಗಿ ಮಲಗಿವೆ.

ಕೆಳಗೆ ಹೊಸ ಒಲೆ ಉರಿಯುತ್ತಿದೆ. ಅದರ ಮಣ್ಣು ಇನ್ನೂ ಕೆಂಪು, ಕಪ್ಪಾಗಲು ವರ್ಷಗಳು ಬೇಕು. ಆಗಾಗ ಹುಲಿಗೆಮ್ಮ ಅದರ ಒಳಮೈಯನ್ನು ಚೂರು ಕೆರೆದು ನನ್ನನ್ನು ಒತ್ತಿ ನೋಡುತ್ತಾಳೆ. ಅಂಟುವುದಿಲ್ಲ. ಅದಕ್ಕೆ ಅವಳು ಯಾರಿಗೂ ತಪ್ಪಾಯಿತು ಎನ್ನುವುದಿಲ್ಲ. ಇನ್ನೆರಡು ಸೌದೆ ಒಳಗೆ ತಳ್ಳುತ್ತಾಳೆ.