ಲಿಲ್ಲಿಗೆ ಹಾಕಿದ ಪಾಯ

ಗಾರೆ ಮೇಸ್ತ್ರಿ ತನ್ನ ಜೀವಮಾನದಲ್ಲಿ ಹೆಂಡತಿಗೆಂದು ನೆಟ್ಟಿದ್ದು ಒಂದೇ ಗಿಡ, ಹಿತ್ತಿಲಿನ ಕೆಂಪು ಲಿಲ್ಲಿ. ಆರು ವರ್ಷವಾದರೂ ಅದು ಎಲೆ ಬಿಟ್ಟಿತೇ ಹೊರತು ಹೂವಿನ ಸುಳಿವಿಲ್ಲ. “ತಾಳೇ, ಪಾಯ ಗಟ್ಟಿ ಹಾಕಿದೀನಿ, ಬರತ್ತೆ,” ಎನ್ನುತ್ತಿದ್ದ ಆತ. ಗೊಬ್ಬರ ಸುರಿದು ಸುರಿದು ಅವಳ ಕೈ ಸೋತಿತು.

ಕೊನೆಗೆ ನರ್ಸರಿಯಾಕೆಯನ್ನು ಕೇಳಿದಳು. “ಗೆಡ್ಡೆ ಆಳಕ್ಕೆ ಹೋಗಿರ್ಬೇಕು ಅಕ್ಕ. ಅದರ ಕತ್ತು ಮಣ್ಣಿನ ಮೇಲೆ ಕಾಣ್ಬೇಕು. ಆ ಗೊಬ್ಬರಾನೂ ನಿಲ್ಸಿ, ಬರೀ ಎಲೆ ಕೊಬ್ಬತ್ತೆ,” ಎಂದಳು ಆಕೆ.

ಇದನ್ನು ಗಂಡನಿಗೆ ಹೇಳುವುದುಂಟೇ? ನಲವತ್ತು ವರ್ಷ ಊರಿಗೆಲ್ಲ ಪಾಯ ಹಾಕಿದವನು, ಕೋಪ ಬೇರೆ ಮೂಗಿನ ತುದಿಯಲ್ಲೇ. ಮಧ್ಯಾಹ್ನ ಆತ ಗೊರಕೆ ಹೊಡೆಯುತ್ತಿದ್ದಾಗ ಅವಳು ಪಾತಿಯ ಸುತ್ತಲಿನ ಇಟ್ಟಿಗೆಗಳನ್ನು ಎತ್ತಿಟ್ಟು ಅಗೆದಳು. ಗೇಣುದ್ದ ಕೆಳಗೆ ಗೆಡ್ಡೆ ಸಿಕ್ಕಿತು. ಅದರಡಿಯಲ್ಲಿ ಜಲ್ಲಿ ಹಾಸಿ, ದಿಮ್ಮಸು ಹೊಡೆದು ಗಟ್ಟಿ ಮಾಡಿಬಿಟ್ಟಿದ್ದ, ಪುಣ್ಯಾತ್ಮ! ನಗು ತಡೆಯುತ್ತ ಅವಳು ಗೆಡ್ಡೆಯನ್ನು ಮೇಲಕ್ಕೆ ಕೂರಿಸಿದಳು. ಇಟ್ಟಿಗೆಗಳನ್ನು ಮೊದಲಿನಂತೆ ಜೋಡಿಸಿ, ಕೈ ತೊಳೆದು, ಏನೂ ಅರಿಯದವಳಂತೆ ಚಹಾ ಕಾಯಿಸಿದಳು.

ಮರುವರ್ಷ ನಾಲ್ಕು ಹೂ ಅರಳಿದವು.

“ನೋಡ್ರೀ, ನಿಮ್ಮ ಪಾಯದ ಮಹಿಮೆ!” ಎಂದಳು.

“ಇಟ್ಟಿಗೆ ಸಾಲು ಸೊಟ್ಟಗಿದೆ ಕಣೇ. ನೀನು ಜೋಡಿಸಿದ ದಿನ ಸಂಜೆನೇ ನೋಡ್ದೆ.”

ನೂಲೆಳೆಯಷ್ಟು ಸೊಟ್ಟಗಿದ್ದರೂ ಕಟ್ಟಿದ ಗೋಡೆ ಕೆಡವಿಸುತ್ತಿದ್ದವನು ಇವನೇ.

“ಮತ್ತೆ ಇಷ್ಟು ದಿನ ಯಾಕೆ ಸರಿ ಮಾಡ್ಲಿಲ್ಲ?”

“ಸರಿ ಮಾಡಿದ್ರೆ, ನಂಗೆ ಗೊತ್ತಾಗಿದೆ ಅಂತ ನಿಂಗೆ ಗೊತ್ತಾಗ್ಬಿಡ್ತಿತ್ತಲ್ಲ.”